ಗಡಿಸೀಮೆಯ ರೊಟ್ಟಿಯ ಒಲೆ

ಹೈದರಾಬಾದಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯು ಜಹೀರಾಬಾದನ್ನು ದಾಟಿ ಕರ್ನಾಟಕದ ಎಲ್ಲೆಯನ್ನು ಸಮೀಪಿಸುವ ಸೀಮೆಯಲ್ಲಿ, ಕೆಮ್ಮಣ್ಣೂ ಕರಿಮಣ್ಣೂ ಒಂದರ ಮಗ್ಗುಲಲ್ಲಿ ಒಂದು ಹರಡಿಕೊಂಡಿರುವ ಹೊಲಗಳ ನಡುವೆ, ಮೊಗುಡಂಪಲ್ಲಿ ಎಂಬ ಗ್ರಾಮವಿದೆ. 2016ರ ಅಕ್ಟೋಬರಿನಲ್ಲಿ ತೆಲಂಗಾಣದ ಜಿಲ್ಲೆಗಳನ್ನು ಪುನರ್ವಿಂಗಡಿಸಿದಾಗ ಅದು ಸಂಗಾರೆಡ್ಡಿ ಜಿಲ್ಲೆಯ ಒಂದು ಮಂಡಲದ ಕೇಂದ್ರವಾಯಿತು. ಕೋಟೆಕೊತ್ತಲಗಳನ್ನೂ ಗುಂಬಜುಗಳನ್ನೂ ಅರಸಿ ಬರುವ ಯಾತ್ರಿಕನು ಇಲ್ಲಿ ನಿಲ್ಲದೆ ಬೀದರಿಗೆ ಹೋಗುವನು. ಅವನನ್ನು ತಡೆದು ನಿಲ್ಲಿಸಬಲ್ಲ ಶಿಲಾವೈಭವವೇನೂ ಈ ಹಳ್ಳಿಗಳಲ್ಲಿ ಇಲ್ಲ. ಆದರೆ ಒಂದು ನಾಡಿನ ಪೂರ್ವೇತಿಹಾಸವನ್ನು ತಿಳಿಯಲಿಚ್ಛಿಸುವವನಿಗೆ ಅರಸರ ಶಾಸನಗಳಷ್ಟೇ ವಿಶ್ವಾಸಾರ್ಹವಾದ ಬೇರೆ ಆಕರಗಳೂ ಉಂಟು. ಅಡುಗೆಮನೆಯ ಒಲೆ, ಹೊಗೆಯಿಂದ ಕಪ್ಪಿಟ್ಟ ಹಂಚು, ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡಿರುವ ಬೀಜದ ಮಡಕೆ ಇವೇ ಆ ಆಕರಗಳು. ಈ ಸೀಮೆಯ ವಿಷಯದಲ್ಲಂತೂ ಅವೇ ಮುಖ್ಯವಾದುವೆಂದು ನನ್ನ ದೃಢವಾದ ಅಭಿಪ್ರಾಯ.

ರಾಜಕೀಯ ಭೂಪಟವು ಈ ಪ್ರದೇಶವನ್ನು ಹಲವು ಬಾರಿ ಹರಿದು ಹೊಲಿದಿದೆ. ನಿಜಾಮರ ಕಾಲದಲ್ಲಿ ಜಹೀರಾಬಾದು ಮತ್ತು ನಾರಾಯಣಖೇಡ ತಾಲೂಕುಗಳು ಬೀದರ ಜಿಲ್ಲೆಗೂ, ತಾಂಡೂರು ಮತ್ತು ಕೊಡಂಗಲ್ಲುಗಳು ಗುಲ್ಬರ್ಗ ಜಿಲ್ಲೆಗೂ ಸೇರಿದ್ದುವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ, ಗುಲ್ಬರ್ಗ ಜಿಲ್ಲೆಯ ಬಹುಭಾಗವೂ ಬೀದರ ಜಿಲ್ಲೆಯ ಒಂದು ಭಾಗವೂ ಮೈಸೂರು ರಾಜ್ಯಕ್ಕೆ ಬಂದುವು. ಆದರೆ ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದು ತಾಲೂಕಿನ ಉಳಿದೆಲ್ಲ ಭಾಗ, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ನಾರಾಯಣಖೇಡ, ತಾಂಡೂರು, ಕೊಡಂಗಲ್ ಇವು ಆಂಧ್ರಪ್ರದೇಶದ ಪಾಲಾದುವು. ಒಂದೇ ಮನೆತನದ ಅಣ್ಣನು ಒಂದು ರಾಜ್ಯದಲ್ಲಿಯೂ ತಂಗಿಯು ಮತ್ತೊಂದರಲ್ಲಿಯೂ ಉಳಿಯುವಂತಾಯಿತು. ಕಛೇರಿಯ ಭಾಷೆ ಬದಲಾಯಿತು, ಶಾಲೆಯ ಪುಸ್ತಕಗಳು ಬದಲಾದುವು, ಕಂದಾಯ ಕಟ್ಟುವ ಊರು ಬದಲಾಯಿತು. ಬದಲಾಗದೆ ಉಳಿದುದು ಒಲೆ. ಕರ್ನಾಟಕದ ಚಿಂಚೋಳಿಯ ಸೊಸೆಯೂ ಮೊಗುಡಂಪಲ್ಲಿಯ ಅತ್ತೆಯೂ ಜೋಳದ ರೊಟ್ಟಿಯನ್ನು ಬಡಿಯುವ ರೀತಿ ಒಂದೇ. ಅದರೊಡನೆ ಬಡಿಸುವ ಹುಳಿಸೊಪ್ಪಿಗೆ ಒಬ್ಬಳು ಪುಂಡಿಪಲ್ಯವೆಂದೂ ಮತ್ತೊಬ್ಬಳು ಪುಂಟಿಕೂರವೆಂದೂ ಹೇಳಿದರೂ ಬಟ್ಟಲಿನಲ್ಲಿರುವುದು ಒಂದೇ ಪದಾರ್ಥ.

ಈ ಒಲೆಯ ಪ್ರಾಚೀನತೆ ಸಾಮಾನ್ಯವಾದುದಲ್ಲ. ಜೋಳವು ಆಫ್ರಿಕಾ ಖಂಡದಲ್ಲಿ ಹುಟ್ಟಿ, ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದಲ್ಲಿ ಭಾರತಕ್ಕೆ ಬಂದ ಧಾನ್ಯವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ. ಆದರೆ ದಕ್ಷಿಣಾಪಥದ ಕರಿಮಣ್ಣು ಅದನ್ನು ಸ್ವಂತ ಕೂಸೆಂದು ಎತ್ತಿಕೊಂಡಿತು. ತಾಂಡೂರಿನ ಬಳಿಯಲ್ಲಿ ಹರಿಯುವ ಕಾಗಿಣಾ ನದಿಯೇ ಮುಂದೆ ಸಾಗಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಬದಿಯನ್ನು ತೊಳೆಯುವುದು. ಕನ್ನಡ ನಾಡಿನ ವೀರರು ತಮ್ಮ ಒಡೆಯನಿಗೆ ಸಲ್ಲಿಸಬೇಕಾದ ನಿಷ್ಠೆಯನ್ನು ‘ಜೋಳವಾಳಿ’ ಎಂದು ಕರೆದು, ಉಂಡ ಜೋಳದ ಋಣಕ್ಕಾಗಿ ಪ್ರಾಣವನ್ನೇ ಕೊಟ್ಟರೆಂಬುದು ನಮ್ಮ ಹಳೆಯ ಕಾವ್ಯಗಳಿಂದ ತಿಳಿದುಬರುವುದು. ಹದಿನೈದನೆಯ ಶತಮಾನದಲ್ಲಿ ರಷ್ಯದ ತ್ವೇರ್ ನಗರದಿಂದ ಬಂದ ಅಫನಾಸಿ ನಿಕಿಟಿನ್ ಎಂಬ ವರ್ತಕನು ಬಹಮನಿ ಸುಲ್ತಾನರ ಬೀದರಿನ ಆಡಂಬರವನ್ನು ವರ್ಣಿಸುತ್ತ, ಇಲ್ಲಿಯ ಶ್ರೀಮಂತರು ಮಹಾವೈಭವದಿಂದಲೂ ಹಳ್ಳಿಗಾಡಿನ ಪ್ರಜೆಗಳು ಬಲು ದೈನ್ಯದಿಂದಲೂ ಬದುಕುವರೆಂದು ಬರೆದಿಟ್ಟಿದ್ದಾನೆ. ಆ ಪ್ರಜೆಗಳು ಏನನ್ನು ಉಣ್ಣುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ. ಸುಲ್ತಾನರ ಅರಮನೆಯ ಪಾಕಗಳು ದಸ್ತರಖಾನಿನೊಡನೆ ಮಡಿಚಿಹೋದುವು. ಬಡವರ ಪಾಕವು ಉಳಿಯಿತು.

ರೊಟ್ಟಿಯನ್ನು ಮಾಡುವ ವಿದ್ಯೆಯನ್ನು ಬಲ್ಲವರು ಅದನ್ನು ವಿದ್ಯೆಯೆಂದು ಹೇಳಿಕೊಳ್ಳುವುದಿಲ್ಲವಾದುದರಿಂದ, ಅದರ ಸೂಕ್ಷ್ಮಗಳನ್ನು ಬರೆದಿಡುವ ಗೋಜಿಗೂ ಯಾರೂ ಹೋಗಲಿಲ್ಲ. ಗೋದಿಯ ಹಿಟ್ಟಿನಲ್ಲಿ ಸಹಜವಾಗಿರುವ ಅಂಟು ಜೋಳದ ಹಿಟ್ಟಿನಲ್ಲಿಲ್ಲ. ಆ ಕೊರತೆಯನ್ನು ತುಂಬುವುದು ಕುದಿಯುವ ಎಸರು. ಹಿಟ್ಟಿನ ನಡುವೆ ಕುಳಿ ಮಾಡಿ, ಎಸರನ್ನು ಸುರಿದು, ಕೈ ತಾಳುವಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ನಾದಿದಾಗ, ಹಿಟ್ಟಿನೊಳಗಿನ ಪಿಷ್ಟದ ಒಂದಂಶವು ಬೆಂದು ಉಬ್ಬಿ, ಉಳಿದುದನ್ನು ಹಿಡಿದುಕೊಳ್ಳುವುದು. ಇದನ್ನೇ ಹೆಣ್ಣುಮಕ್ಕಳು ಹಿಟ್ಟಿಗೆ ಜಿಗಿ ಬಂದಿತೆನ್ನುವರು. ಬಹುದಿನದ ಹಿಂದೆ ಬೀಸಿದ ಹಿಟ್ಟಿಗೆ ಜಿಗಿ ಇರದು. ಅಂಥ ಹಿಟ್ಟಿನ ರೊಟ್ಟಿ ಬಡಿಯುವಾಗಲೇ ಅಂಚಿನಲ್ಲಿ ಬಿರಿಯುವುದು. ಆದುದರಿಂದಲೇ ಹಿಂದಿನವರು ಆಯಾ ದಿನಕ್ಕೆ ಬೇಕಾದಷ್ಟನ್ನೇ ಕೋಳಿ ಕೂಗುವ ಹೊತ್ತಿಗೆ ಬೀಸುಕಲ್ಲಿನ ಮುಂದೆ ಕುಳಿತು ಪದ ಹಾಡುತ್ತ ಬೀಸಿಕೊಳ್ಳುತ್ತಿದ್ದರು. ಎರಡು ಅಂಗೈಗಳ ತಾಳಕ್ಕೆ ತಾನೇ ತಿರುಗುತ್ತ ಅಗಲವಾಗುವ ರೊಟ್ಟಿಯನ್ನು ಕಾದ ಹಂಚಿಗೆ ಹಾಕಿ, ಒಣಹಿಟ್ಟು ಹತ್ತಿದ ಮೇಲ್ಮೈಗೆ ಒದ್ದೆಯ ಅರಿವೆಯಿಂದ ನೀರು ಸವರಿ, ಆ ನೀರು ಆರುವ ಮುನ್ನವೇ ಮಗುಚಿ, ಕಡೆಗೆ ಕೆಂಡದ ಎದುರು ಒರಗಿಸಿದರೆ, ಒಳಗೆ ಸಿಕ್ಕಿದ ಉಗಿಯು ಎರಡು ಪದರಗಳನ್ನು ಬೇರ್ಪಡಿಸಿ ರೊಟ್ಟಿಯನ್ನು ಉಬ್ಬಿಸುವುದು. ಈ ಉಬ್ಬುವಿಕೆಯನ್ನು ನೋಡಿ ಒಲೆಯ ಮುಂದೆ ಕುಳಿತ ಮಕ್ಕಳು ಪ್ರತಿದಿನವೂ ಹೊಸದಾಗಿ ಸಂತೋಷಪಡುವರು. ನಿತ್ಯಜೀವನದಲ್ಲಿ ಇಷ್ಟು ಅಗ್ಗವಾಗಿ ದೊರೆಯುವ ಸಂತೋಷಗಳು ಹೆಚ್ಚಿಲ್ಲ.

ಹಬ್ಬಗಳಲ್ಲಿ ಈ ವಿದ್ಯೆಯು ಅಲಂಕಾರವನ್ನು ಧರಿಸುವುದು. ಸಂಕ್ರಾಂತಿಯ ದಿನಗಳಲ್ಲಿ ಸಜ್ಜೆಯ ಹಿಟ್ಟಿಗೆ ಎಳ್ಳನ್ನು ಒತ್ತಿ ತಟ್ಟಿದ ರೊಟ್ಟಿಗಳನ್ನು ಕಡಕ್ಕಾಗುವವರೆಗೆ ಬೇಯಿಸಿ, ಬುಟ್ಟಿಗಳಲ್ಲಿ ಒಟ್ಟಿ, ಬಂಧುಗಳಿಗೂ ನೆರೆಯವರಿಗೂ ಹಂಚುವರು. ಎಳ್ಳ ಅಮಾವಾಸ್ಯೆಯಂದು ಬೀದರ ಕಲಬುರಗಿಗಳ ಕಡೆಯ ಒಕ್ಕಲು ಮನೆಗಳವರು ರೊಟ್ಟಿ, ಕಡಬು, ಹಲವು ಕಾಳು ಕಾಯಿಪಲ್ಯಗಳನ್ನು ಕೂಡಿಸಿ ಕುದಿಸಿದ ಭಜ್ಜಿ, ಅಂಬಲಿ ಇವುಗಳನ್ನು ಹೊತ್ತು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿದ ತರುವಾಯವೇ ತಾವು ಉಣ್ಣುವರು. ಜೋಳದ ತೆನೆ ಹಾಲುಗಾಳಾಗಿರುವ ಚಳಿಗಾಲದಲ್ಲಿ ಹೊಲದಲ್ಲಿಯೇ ಕುಳ್ಳಿನ ಬೆಂಕಿ ಮಾಡಿ ಸುಟ್ಟು, ಅಂಗೈಗಳಲ್ಲಿ ತಿಕ್ಕಿ ಊದಿ ತಿನ್ನುವ ಸೀತನಿಯ ಸವಿಯನ್ನು, ಅದನ್ನು ಉಂಡವನಿಗೆ ವಿವರಿಸಬೇಕಾಗಿಲ್ಲ, ಉಣ್ಣದವನಿಗೆ ವಿವರಿಸಲು ಬಾರದು. ಝರಾಸಂಗಮದ ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಕರ್ನಾಟಕದಿಂದ ಬರುವ ಭಕ್ತರ ಗಂಟುಗಳಲ್ಲಿಯೂ ಇದೇ ಕಡಕ್ ರೊಟ್ಟಿ, ಶೇಂಗಾ ಹಿಂಡಿ.

ಭಟ್ಟಿಯ ತಿನಿಸುಗಳು ಈ ಕಡೆಗೆ ಬಂದುದು ಬಹಳ ತಡವಾಗಿ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ರೈಲುಮಾರ್ಗವು 1874ರಲ್ಲಿ ತೆರೆದು ತಾಂಡೂರನ್ನು ಮುಟ್ಟಿದ ಮೇಲೆ ಹೈದರಾಬಾದಿನ ಪಟ್ಟಣದ ರುಚಿಗಳು ಒಂದೊಂದಾಗಿ ಈ ಊರುಗಳಿಗೆ ಇಳಿದುವು. ಬನ್ನು, ಖಾರಿ, ಕೊನೆಯ ನಿಜಾಮರ ಹೆಸರನ್ನು ಹೊತ್ತ ಉಸ್ಮಾನಿಯಾ ಬಿಸ್ಕಿಟ್ಟು ಇವೆಲ್ಲವೂ ಇರಾನಿ ಚಹಾದ ಬಟ್ಟಲಿನ ಸಂಗಾತಿಗಳು. ಆದರೆ ನಮ್ಮ ಕಡೆಯ ಗೃಹಿಣಿಯರು ಅಂಗಡಿಯ ತಿನಿಸನ್ನು ಕೊಂಡು ತರುವುದರಲ್ಲಿಯೇ ತೃಪ್ತರಾಗಲಿಲ್ಲ. ಮೈದಾ, ಸಕ್ಕರೆ, ಡಾಲ್ಡಾ ಅಥವಾ ತುಪ್ಪವನ್ನು ಡಬ್ಬಿಗಳಲ್ಲಿ ತುಂಬಿಕೊಂಡು, ರಂಜಾನಿನ ಅಥವಾ ದೀಪಾವಳಿಯ ಮುಂಚೆ, ಮಕ್ಕಳನ್ನು ಜೊತೆಯಲ್ಲಿ ಕರೆದುಕೊಂಡು ಬೇಕರಿಗೆ ಹೋಗಿ, ಕೂಲಿ ಕೊಟ್ಟು ತಮ್ಮ ಹಿಟ್ಟಿನಿಂದಲೇ ನಾನಖಟಾಯಿಯನ್ನು ಮಾಡಿಸಿ ತರುವ ಪದ್ಧತಿ ದಖ್ಖನದ ಅನೇಕ ಪಟ್ಟಣಗಳಲ್ಲಿ ಬಳಕೆಗೆ ಬಂದಿತು. ಹಿಟ್ಟು ಮನೆಯದು, ಬೆಂಕಿ ಬೀದಿಯದು. ತಗಡಿನ ಡಬ್ಬಿಯಲ್ಲಿ ತುಂಬಿದ ಆ ಬಿಸ್ಕಿಟ್ಟುಗಳ ಬಿಸಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಜಟಕಾದಲ್ಲಿಯೋ ಸೈಕಲ್ ರಿಕ್ಷಾದಲ್ಲಿಯೋ ಮನೆಗೆ ಮರಳಿದ ಸ್ಮೃತಿಯು, ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ, ಈಗ ವೃದ್ಧರಾಗಿರುವ ಒಂದು ತಲೆಮಾರಿನ ಸಮಾನ ಸ್ವತ್ತು.

ಇಲ್ಲಿಯವರೆಗೆ ಹೇಳಿದುದು ಸುಖದ ಕಥೆ; ಮುಂದಿನದು ನಷ್ಟದ ಕಥೆ. 1983ರಲ್ಲಿ ಆಂಧ್ರಪ್ರದೇಶದ ಸರ್ಕಾರವು ಕಿಲೋ ಒಂದಕ್ಕೆ 2 ರೂಪಾಯಿಯಂತೆ ಅಕ್ಕಿಯನ್ನು ಕೊಡತೊಡಗಿತು. ಹಸಿದವರ ಹೊಟ್ಟೆ ತುಂಬಿಸಿದ ಆ ಯೋಜನೆಯನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಅದರ ಹಿಂದೆಯೇ ಬಂದ ಒಂದು ಪರಿಣಾಮವನ್ನು ಕಾಣದಿರಲಾಗದು: ಮಳೆಯನ್ನೇ ನಂಬಿದ ಕೆಮ್ಮಣ್ಣಿನ ಹೊಲದಲ್ಲಿ ಮೈಮುರಿದು ಜೋಳ ಬೆಳೆಯುವುದಕ್ಕಿಂತ ಅಂಗಡಿಯಿಂದ ಅಕ್ಕಿ ತರುವುದೇ ಅಗ್ಗವೆಂದಾದಾಗ, ಬಡವರ ತುಂಡುಭೂಮಿಗಳು ಬೀಳುಬಿದ್ದುವು, ಜೋಳದೊಡನೆ ಬೆಳೆಯುತ್ತಿದ್ದ ನವಣೆ, ಸಾಮೆ, ಹಾರಕ, ಹಲವು ಬಗೆಯ ಕಾಳುಗಳು ಮಡಕೆಯಿಂದಲೂ ನೆನಪಿನಿಂದಲೂ ಜಾರತೊಡಗಿದುವು. ಅನ್ನವು ಉಳ್ಳವರ ಊಟ, ರೊಟ್ಟಿಯು ಇಲ್ಲದವರ ಊಟ ಎಂಬ ಲಜ್ಜೆಯೊಂದು ಮೊದಲಿನಿಂದಲೂ ಇದ್ದು, ಅದು ಈಗ ಬಲವಾಯಿತು. ನೆಂಟರು ಬಂದಾಗ ರೊಟ್ಟಿಯ ಬುಟ್ಟಿಯನ್ನು ಮರೆಮಾಡುವ ಮನೆಗಳಲ್ಲಿ ಬೀಜವು ಎಷ್ಟು ಕಾಲ ಉಳಿದೀತು?

ಅದನ್ನು ಉಳಿಸಿದವರು ಈ ಹಳ್ಳಿಗಳ ಅತ್ಯಂತ ಬಡ ಹೆಂಗಸರು, ಬಹುಮಟ್ಟಿಗೆ ದಲಿತ ಸ್ತ್ರೀಯರು. 1983ರಲ್ಲಿಯೇ ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ ನೆಲೆಗೊಂಡ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯು ಅವರನ್ನು ಊರೂರಿನ ಸಂಘಗಳಲ್ಲಿ ಒಗ್ಗೂಡಿಸಿತು; ಕ್ರಮೇಣ ಸುಮಾರು 75 ಹಳ್ಳಿಗಳ ಸುಮಾರು 5,000 ಮಂದಿ ಮಹಿಳೆಯರು ಅದರಲ್ಲಿ ಸೇರಿದರು. ಅದನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶರು ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ಕಾರ್ಯಕ್ರಮ ನಿರ್ಮಾಪಕರಾಗಿ ದುಡಿದು, ಕ್ಯಾಮೆರಾದ ಹಿಂದಿನ ಕುರ್ಚಿಯನ್ನು ತೊರೆದು ಈ ಹೊಲಗಳಿಗೆ ಬಂದ ಕನ್ನಡಿಗರು ಎಂಬುದನ್ನು ನಮ್ಮವರು ಮರೆಯಬಾರದು. 1990ರ ದಶಕದ ಮಧ್ಯದಲ್ಲಿ ಈ ಸಂಘಗಳು ಬೀಳುನೆಲಗಳ ಒಡೆಯರಿಗೆ ಉಳುಮೆಗೂ ಗೊಬ್ಬರಕ್ಕೂ ಮುಂಗಡ ಕೊಟ್ಟು, ಅದನ್ನು ಹಣವಾಗಿ ಅಲ್ಲ, ಜೋಳವಾಗಿಯೇ ಹಿಂದಕ್ಕೆ ಪಡೆದು, ಆ ಧಾನ್ಯವನ್ನು ಅದೇ ಊರಿನಲ್ಲಿ ಕೂಡಿಟ್ಟು, ಅದೇ ಊರಿನ ಹಸಿದವರಿಗೆ ಕಡಿಮೆ ಬೆಲೆಗೆ ಹಂಚಿದುವು. ಸರ್ಕಾರದ ಅಕ್ಕಿಯ ಬದಲು ಊರಿನದೇ ರೊಟ್ಟಿ.

ಆದರೆ ನನ್ನ ಮನಸ್ಸನ್ನು ಇದಕ್ಕಿಂತಲೂ ಹೆಚ್ಚಾಗಿ ಸೆಳೆಯುವುದು ಬೀಜದ ಶೋಧ. ಕಾಣೆಯಾಯಿತೆಂದು ಎಲ್ಲರೂ ಕೈಬಿಟ್ಟ ಒಂದು ಕಾಳು, ಯಾವುದೋ ಊರಿನ ಯಾವಳೋ ಮುದುಕಿಯ ಮಡಕೆಯ ತಳದಲ್ಲಿ, ಬೂದಿ ಮತ್ತು ಬೇವಿನ ಎಲೆಗಳ ನಡುವೆ, ಮುಷ್ಟಿಯಷ್ಟು ಉಳಿದಿರುವುದು. ತನ್ನ ಅತ್ತೆ ಬಿತ್ತುತ್ತಿದ್ದಳೆಂಬ ಒಂದೇ ಕಾರಣಕ್ಕೆ ಅವಳು ಅದನ್ನು ಹೊಲದ ಅಂಚಿನ ಒಂದು ಸಾಲಿನಲ್ಲಿ ವರ್ಷವರ್ಷವೂ ಬಿತ್ತಿ ಎತ್ತಿಟ್ಟುಕೊಂಡಿರುವಳು. ಅದು ದೊರೆತ ದಿನ ಸಂಘದ ಹೆಂಗಸರು ಪಡುವ ಹರ್ಷಕ್ಕೆ, ತಾಳೆಗರಿಯ ಕಟ್ಟಿನಲ್ಲಿ ಅಜ್ಞಾತ ಕಾವ್ಯವನ್ನು ಕಂಡ ಪಂಡಿತನ ಹರ್ಷವು ಸಮಾನವೆಂದು ನಾನು ಹೇಳಬಲ್ಲೆ, ಅಧಿಕವೆಂದು ಹೇಳಲಾರೆ. ಆ ಮುಷ್ಟಿಯನ್ನು ಕಡವಾಗಿ ಒಯ್ದವಳು ಸುಗ್ಗಿಯಲ್ಲಿ ಅದಕ್ಕಿಂತ ಹೆಚ್ಚಿನದನ್ನು ಹಿಂದಕ್ಕೆ ಕೊಡತಕ್ಕದ್ದು. ಇದರಲ್ಲಿ ಕಾಗದಪತ್ರವಿಲ್ಲ, ದುಡ್ಡಿನ ಮಾತೂ ಇಲ್ಲ. ಹೀಗೆ ಒಟ್ಟುಗೂಡಿದ ಬೀಜಗಳನ್ನು ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ಹೇರಿಕೊಂಡು, ಸಂಕ್ರಾಂತಿಯಿಂದ ಮೊದಲಾಗಿ ಸುಮಾರು ಒಂದು ತಿಂಗಳ ಕಾಲ ಊರಿಂದೂರಿಗೆ ಹೋಗುವ ಪಾತ ಪಂಟಲ ಜಾತರವು, ಎಂದರೆ ಹಳೆಯ ಬೆಳೆಗಳ ಜಾತ್ರೆಯು, ಕಳೆದ ಶತಮಾನವು ಮುಗಿಯುವ ಹೊತ್ತಿಗೆ ಆರಂಭವಾಗಿ, ಆ ಸೀಮೆಯ ಹೊಸ ಸಂಪ್ರದಾಯವಾಗಿ ಬೇರೂರಿತು. ಊರ ಬಾಗಿಲಲ್ಲಿ ಆ ಬಂಡಿಗಳಿಗೆ ಆರತಿ ಎತ್ತುವರು.

ಈ ಹೆಂಗಸರು ತಮ್ಮ ಪಾಕಗಳನ್ನೂ ಹಾಡುಗಳನ್ನೂ ಬಿತ್ತನೆಯ ಅನುಭವಗಳನ್ನೂ ಮೊದಲು ಕ್ಯಾಸೆಟ್ಟುಗಳಲ್ಲಿ ಧ್ವನಿಮುದ್ರಿಸಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. 2008ರ ಅಕ್ಟೋಬರ್ 15ರಂದು ಅದೇ ಸೀಮೆಯ ಮಾಚನೂರಿನಲ್ಲಿ ಸಂಘಂ ರೇಡಿಯೋ ಪ್ರಸಾರವನ್ನು ಆರಂಭಿಸಿದ ಮೇಲೆ ಅವೇ ಧ್ವನಿಗಳು ಆಕಾಶಮಾರ್ಗವಾಗಿ ಅಡುಗೆಮನೆಗಳನ್ನು ತಲುಪಿದುವು. ಹಳೆಯ ರೊಟ್ಟಿಯ ಮಾತನ್ನು ಹಳೆಯ ಬಾನುಲಿಯಲ್ಲಿ, ತಮ್ಮದೇ ಊರಿನ ಆಡುನುಡಿಯಲ್ಲಿ, ಒಲೆಯ ಮುಂದೆ ಕುಳಿತು ಕೇಳುವ ಆ ಸಂಜೆಗಳನ್ನು ಯಾವ ಗ್ರಂಥಾಲಯವೂ ಕೊಡಲಾರದು.

ಲೋಕವು ತಡವಾಗಿಯಾದರೂ ಇತ್ತ ತಿರುಗಿ ನೋಡಿತು. ಭಾರತ ಸರ್ಕಾರವು 2018ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. 2019ರಲ್ಲಿ ಪಸ್ತಾಪುರದ ಸಂಸ್ಥೆಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಇಕ್ವೇಟರ್ ಪ್ರಶಸ್ತಿ ದೊರೆಯಿತು. 2022ರಲ್ಲಿ ತಾಂಡೂರಿನ ತೊಗರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಬಂದಿತು. 2023 ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು. ಆ ವರ್ಷದ ಮಾರ್ಚಿ ತಿಂಗಳಲ್ಲಿಯೇ ಸತೀಶರು ತೀರಿಕೊಂಡರು. ಈಗ ನಗರದ ಬೇಕರಿಗಳಲ್ಲಿ ಜೋಳದ ಬಿಸ್ಕಿಟ್ಟೂ ಸಜ್ಜೆಯ ಕೇಕೂ ದುಬಾರಿ ಬೆಲೆಗೆ ಮಾರಾಟವಾಗುತ್ತಿವೆ. ಕಲಬುರಗಿಯ ಕಡಕ್ ರೊಟ್ಟಿ ದೂರದೂರದ ಊರುಗಳಿಗೆ ರವಾನೆಯಾಗುತ್ತಿದೆ. ಇದು ಸಂತೋಷದ ವಿಷಯವೇ. ಆದರೆ ಪೊಟ್ಟಣದ ಮೇಲೆ ಸಿರಿಧಾನ್ಯವೆಂಬ ಒಂದೇ ಹೆಸರನ್ನು ಅಚ್ಚುಹಾಕುವ ವ್ಯಾಪಾರವು, ಬಿಳಿಜೋಳ, ಹಳದಿ ಜೋಳ, ಕೆಂಪು ಜೋಳಗಳನ್ನು ಬೇರೆ ಬೇರೆಯಾಗಿ ಬಲ್ಲ, ಯಾವುದು ರೊಟ್ಟಿಗೆ ಯಾವುದು ಅಂಬಲಿಗೆ ಯಾವುದು ಅರಳಿಗೆ ಎಂದು ಹೇಳಬಲ್ಲ ಹೆಂಗಸರ ತಿಳಿವಳಿಕೆಯನ್ನು ಕಾಪಾಡಲಾರದು. ಗಡಿಯ ಈಚೆಯ ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳಲ್ಲಿ ಅಂಥ ತಿಳಿವಳಿಕೆಯುಳ್ಳ ಮುದುಕಿಯರು ಇನ್ನೂ ಇದ್ದಾರೆ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಅಧ್ಯಯನ ಪೀಠಗಳು ಅವರ ಬಳಿಗೆ ವಿದ್ಯಾರ್ಥಿಗಳನ್ನು ಕಳುಹಿಸಿ, ಬೀಜಗಳ ಹೆಸರುಗಳನ್ನೂ ಹಿಟ್ಟಿನ ಹದವನ್ನೂ ಅವರ ಮಾತಿನಲ್ಲಿಯೇ ಈಗಲೇ ಬರೆಸಿಕೊಳ್ಳಬೇಕು. ಓದುಗರೂ ತಮ್ಮ ಮನೆಯಲ್ಲಿ ಅಂಥ ಅಜ್ಜಿಯೊಬ್ಬಳಿದ್ದರೆ ಆಕೆಯನ್ನು ಕೇಳಿ ಬರೆದಿಡಬೇಕೆಂದು ಪ್ರಾರ್ಥಿಸುತ್ತೇನೆ.