ಗ್ರಂಥದಿಂದ ಕಂಠಕ್ಕೆ: ಫೇರ್‌ಪೋರ್ಟ್ ಕನ್ವೆನ್ಷನ್ ವೃಂದ ಮತ್ತು ಸ್ಯಾಂಡಿ ಡೆನ್ನಿ

ಜನಪದ ಗೀತೆಯನ್ನು ಬರೆದಿಟ್ಟರೆ ಅದು ಅಳಿಯದೆ ಉಳಿಯುತ್ತದೆ, ನಿಜ. ಆದರೆ ಹಾಡುವವರಿಲ್ಲದ ಹಾಡು ಜೀವಂತವಾಗಿದೆಯೆಂದು ಹೇಳಬಹುದೆ? ಇಂಗ್ಲೆಂಡಿನ ಫೇರ್‌ಪೋರ್ಟ್ ಕನ್ವೆನ್ಷನ್ ಎಂಬ ವಾದ್ಯ-ಗಾಯನ ವೃಂದದ ಚರಿತ್ರೆಯು ಈ ದೃಷ್ಟಿಯಿಂದ ವಿಚಾರಯೋಗ್ಯವಾಗಿದೆ.

ಆಂಗ್ಲ ಕಥನಗೀತೆಗಳ ಸಂಗ್ರಹಕಾರ್ಯ ಹಳೆಯದು. ಅಮೆರಿಕದ ವಿದ್ವಾಂಸರಾದ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಅವರು ಸಂಪಾದಿಸಿದ 305 ಕಥನಗೀತೆಗಳು 1882ರಿಂದ 1898ರವರೆಗೆ ಸಂಪುಟಗಳಾಗಿ ಪ್ರಕಟವಾದುವು. 1903ರಿಂದ ಸೆಸಿಲ್ ಶಾರ್ಪ್ ಅವರು ಸಾಮರ್‌ಸೆಟ್ ಪ್ರಾಂತದ ಹಳ್ಳಿಗರಿಂದ ಹಾಡುಗಳನ್ನೂ ಅವುಗಳ ಮಟ್ಟುಗಳನ್ನೂ ಬರೆದುಕೊಳ್ಳತೊಡಗಿದರು. ಎರಡನೆಯ ಮಹಾಯುದ್ಧದ ತರುವಾಯ ನಗರಗಳ ಗಾಯನಕೂಟಗಳಲ್ಲಿ ಇಂತಹ ಹಾಡುಗಳು ಮತ್ತೆ ಕೇಳಿಬಂದುವು. ಅಂತಹ ಕೂಟಗಳಲ್ಲಿ ಹಾಡಿ ಪಳಗಿದವರು ಸ್ಯಾಂಡಿ ಡೆನ್ನಿ (1947–1978).

1967ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಫೇರ್‌ಪೋರ್ಟ್ ವೃಂದವು ಮೊದಮೊದಲು ಅಮೆರಿಕದ ಗೀತೆಗಳನ್ನೇ ಬಹುವಾಗಿ ಅನುಸರಿಸುತ್ತಿತ್ತು. 1968ರಲ್ಲಿ ಡೆನ್ನಿ ಸೇರಿದ ಮೇಲೆ ಅದರ ದೃಷ್ಟಿ ಸ್ವದೇಶದ ಕಡೆಗೆ ತಿರುಗಲಾರಂಭಿಸಿತು. ಅಷ್ಟರಲ್ಲಿ, 1969ರ ಮೇ 12ರಂದು, ಕಚೇರಿ ಮುಗಿಸಿ ಹಿಂದಿರುಗುತ್ತಿದ್ದಾಗ ವೃಂದದ ವಾಹನವು ಅಪಘಾತಕ್ಕೀಡಾಗಿ, ಡ್ರಮ್ ವಾದಕ ಮಾರ್ಟಿನ್ ಲ್ಯಾಂಬಲ್ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮೃತರಾದರು. ವೃಂದವೇ ಮುರಿದುಬೀಳಬಹುದಾಗಿದ್ದ ಆ ಗಳಿಗೆಯಲ್ಲಿ ಉಳಿದವರು ಹೊಸದಾಗಿ ಆರಂಭಿಸಲು ನಿಶ್ಚಯಿಸಿದರು. ಆಶ್ಲಿ ಹಚಿಂಗ್ಸ್ ಅವರು ಸೆಸಿಲ್ ಶಾರ್ಪ್ ಭವನದ ಗ್ರಂಥಭಂಡಾರದಲ್ಲಿ ಹಾಡುಗಳನ್ನು ಅರಸಿದರು. ಪಿಟೀಲು ವಾದಕ ಡೇವ್ ಸ್ವಾರ್‌ಬ್ರಿಕ್ ವೃಂದದ ಸದಸ್ಯರಾದರು. ಇದರ ಫಲವೇ ಅದೇ ವರ್ಷದ ಡಿಸೆಂಬರಿನಲ್ಲಿ ಹೊರಬಂದ 'ಲೀಜ್ ಅಂಡ್ ಲೀಫ್' ಎಂಬ ಧ್ವನಿಮುದ್ರಿಕೆ.

ವಿದ್ಯುತ್ ಗಿಟಾರ್ ಸೇರಿದೊಡನೆ ಹಾಡಿನ ಜನಪದತ್ವ ಕೆಟ್ಟಿತೆಂಬ ಆಕ್ಷೇಪ ಸಹಜವೇ. ಆದರೆ ಚೈಲ್ಡ್ ಅವರೇ ಅನೇಕ ಗೀತೆಗಳಿಗೆ ಹಲವು ಪಾಠಗಳನ್ನು ಮುದ್ರಿಸಿದ್ದಾರೆ. ಮಾರ್ಪಾಡು ಆ ಪರಂಪರೆಯ ಸ್ವಭಾವವೇ ಆಗಿದೆ. ಅವರ ಸಂಗ್ರಹದ 39ನೆಯದಾದ 'ಟ್ಯಾಮ್ ಲಿನ್' ಮತ್ತು 81ನೆಯದಾದ 'ಮ್ಯಾಟಿ ಗ್ರೋವ್ಸ್' ಕಥನಗಳನ್ನು ಡೆನ್ನಿ ಭಾವಾತಿರೇಕವಿಲ್ಲದೆ ನಿರೂಪಿಸುತ್ತಾರೆ. ವಾದ್ಯಗಳು ಎಷ್ಟೇ ಮೊಳಗಿದರೂ ಕಥೆಯ ಎಳೆ ತಪ್ಪುವುದಿಲ್ಲ.

ಆದರೂ ಈ ಸಾಧನೆಯೇ ಅಗಲಿಕೆಗೂ ದಾರಿಯಾಯಿತು. ಪರಂಪರೆಯಲ್ಲಿ ಇನ್ನೂ ಆಳಕ್ಕಿಳಿಯಬಯಸಿದ ಹಚಿಂಗ್ಸ್ 'ಸ್ಟೀಲೈ ಸ್ಪ್ಯಾನ್' ವೃಂದವನ್ನು ಕಟ್ಟಿದರು. ಸ್ವಂತ ಗೀತರಚನೆಗೆ ಅವಕಾಶ ಬಯಸಿದ ಡೆನ್ನಿ 1970ರಲ್ಲಿ 'ಫಾದರಿಂಗೇ' ವೃಂದವನ್ನು ಸ್ಥಾಪಿಸಿದರು. 1974ರಲ್ಲಿ ಫೇರ್‌ಪೋರ್ಟಿಗೆ ಮರಳಿ, ಮರುವರ್ಷದ ಕೊನೆಯಲ್ಲಿ ಮತ್ತೆ ಹೊರಬಂದ ಅವರು, 1978ರ ಏಪ್ರಿಲ್ 21ರಂದು ಮೂವತ್ತೊಂದನೆಯ ವಯಸ್ಸಿನಲ್ಲಿ ತೀರಿಕೊಂಡರು.

ಡೆನ್ನಿಯವರ ನಿರ್ಗಮನವನ್ನು ಪರಂಪರೆಯ ತ್ಯಾಗವೆಂದು ಎಣಿಸುವುದು ಯುಕ್ತವಲ್ಲ. ಹಳೆಯ ಹಾಡುಗಳನ್ನು ಕೂಡ ಒಂದು ಕಾಲದಲ್ಲಿ ಯಾರೋ ಹೊಸದಾಗಿ ಕಟ್ಟಿದವರೇ. ಸಂಗ್ರಾಹಕನು ಉಳಿಸಿದ್ದನ್ನು ಗಾಯಕಿಯು ನುಡಿಸುತ್ತಾಳೆ. ಇವರಲ್ಲಿ ಒಬ್ಬರಿಲ್ಲದೆ ಇನ್ನೊಬ್ಬರ ಶ್ರಮ ಅಪೂರ್ಣ.