ಬೆಳ್ಳಿಯ ಪ್ರಾಯ

ಹರೆಯದ ಒಂಟಿತನ, ಮೈಯ ಆಸೆ, ತನ್ನನ್ನು ತಾನು ಕಂಡುಕೊಳ್ಳುವುದು, ಇವೆಲ್ಲ ಪೇಟೆ ಹುಡುಗರ ಕಾದಂಬರಿಗೆ ಸೇರಿದ್ದು ಅಂತಾರೆ. ನಾವು ಕೇಳುತ್ತೇವೆ: ಪುತ್ತೂರು, ಸುಳ್ಯ, ಕಡಬದ ಕಾಡಂಚಿನ ಕೇರಿಗಳಲ್ಲಿ ಯಾರಿಗೂ ಹದಿನಾರು ತುಂಬಲೇ ಇಲ್ಲವೆ?

ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. ಎಲ್ಲರೂ ಚೋಮನನ್ನೇ ನೆನೆಯುತ್ತಾರೆ. ಹೊಲೆಯನಿಗೆ ಬೇಸಾಯದ ಭೂಮಿ ಸಿಗದ ಆ ಸಂಕಟ ಸಣ್ಣದಲ್ಲ, ಒಪ್ಪೋಣ. ಮಗಳು ಬೆಳ್ಳಿ? ಗಂಡುಮಕ್ಕಳಿಂದ ತೀರದ ಅಪ್ಪನ ಸಾಲಕ್ಕೆ ಘಟ್ಟದ ಕಾಫಿ ತೋಟ ಹತ್ತಿದವಳು. ಅಲ್ಲಿ ರೈಟರ್ ಮನ್ವೇಲ. ಅವಳಿಗೂ ಪ್ರಾಯ, ಅವಳಿಗೂ ಆಸೆ; ಸಾಲದ ಲೆಕ್ಕ ಮಾತ್ರ ತೋಟದವರ ಕೈಯಲ್ಲಿ. ಇಂಥ ಕಡೆ ಪ್ರೀತಿ ಯಾವುದು, ವಸೂಲಿ ಯಾವುದು ಸ್ವಾಮಿ?

1943ರ 'ಬೆಟ್ಟದ ಜೀವ'ದಲ್ಲಿ ಗೋಪಾಲಯ್ಯನ ಮಗ ಶಂಭು ಮನೆಬಿಟ್ಟು ಹೋಗುತ್ತಾನೆ. ತೋಟವಿದ್ದವರ ಮಗ, ಬಿಟ್ಟು ಹೋಗಲು ಮನೆಯಿತ್ತು, ಕಾದು ಕೂರಲು ತಾಯಿಯಿದ್ದಳು. ಬೆಳ್ಳಿಗೆ ತಾಯಿಯೂ ಇಲ್ಲ.

1975ರ ಬಿ. ವಿ. ಕಾರಂತರ ಸಿನಿಮಾಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ. ವಿ. ವಾಸುದೇವರಾವ್‌ಗೆ ರಾಷ್ಟ್ರಪ್ರಶಸ್ತಿ. ದುಡಿಯ ಸದ್ದು ದಿಲ್ಲಿಗೂ ಕೇಳಿತು. ಬೆಳ್ಳಿಯ ಕಥೆಯನ್ನು ಬೆಳ್ಳಿಯೇ ಹೇಳುವ ಪುಸ್ತಕ ಬಾಕಿ ಇದೆ. ಕೇರಿಯ ಹುಡುಗಿಯರು ಈಗ ಕಾಲೇಜು ಮೆಟ್ಟಿಲು ಹತ್ತಿದ್ದಾರೆ.