ಹಳೇ ಪಿಕಪ್ಪಿನ ಸೀಟೊಳಗೆ ಸಿಕ್ಕ ಬೆಳೆಗಳು

ಪಿಕಪ್ ಸೀಟಿನ ಹೊಟ್ಟೆಯೊಳಗೆ ತೆಂಗಿನ ನಾರು ಇರುತ್ತೆ ಅಂದ್ರೆ ಈಗಿನ ಹುಡುಗರು ನಂಬಲ್ಲ. ಸೀಟು ಅಂದ್ರೆ ಫೋಮು ಅಂತಲೇ ಅವರ ಲೆಕ್ಕ. ನಮ್ಮ ಗಾಡಿ 1997ರದ್ದು. ಇಂಜಿನ್ ಗಟ್ಟಿ ಇದೆ, ಆದರೆ ಕ್ಯಾಬಿನ್ ಒಳಗೆ ಕೂರೋ ಹಾಗಿರಲಿಲ್ಲ. ಸ್ಪ್ರಿಂಗು ತೊಡೆಗೆ ಚುಚ್ಚೋದು, ರೂಫಿನ ಬಟ್ಟೆ ತಲೆ ಮೇಲೆ ಜೋತು ಬೀಳೋದು, ಮಳೆಗಾಲದಲ್ಲಿ ಮ್ಯಾಟ್ ಕೆಳಗೆ ನೀರು ನಿಲ್ಲೋದು. ಈ ಬೇಸಿಗೆಯಲ್ಲಿ ಪೂರ್ತಿ ಬಿಚ್ಚಿ ಕೆಲಸಕ್ಕೆ ಇಳಿದೆ.

ಸೀಟು ಕುಯ್ದಾಗ ಪದರ ಪದರವಾಗಿ ಬಂತು. ಮೇಲೆ ರೆಕ್ಸಿನ್, ಅದರ ಬೆನ್ನಿಗೆ ಅಂಟಿದ ಹತ್ತಿ ಬಟ್ಟೆ. ಅದರ ಕೆಳಗೆ ಮುಟ್ಟಿದರೆ ಪುಡಿಯಾಗೋ ತೆಳು ಫೋಮು. ಆಮೇಲೆ ಎರಡು ಇಂಚು ದಪ್ಪದ, ಕಂದು ಬಣ್ಣದ ನಾರಿನ ಹಾಸು. ಕೊನೆಗೆ ಸ್ಪ್ರಿಂಗ್ ಮೇಲೆ ಕಟ್ಟಿದ್ದ ಗೋಣಿತಾಟು. ಎಣಿಸಿ ನೋಡಿ: ಹತ್ತಿ, ತೆಂಗು, ಸೆಣಬು, ನಾರನ್ನು ಹಿಡಿದಿಟ್ಟಿದ್ದ ರಬ್ಬರ್. ನಾಲ್ಕು ಬೆಳೆ ಒಂದು ಸೀಟಿನಲ್ಲಿ. ಪುಡಿಯಾಗಿದ್ದ ಫೋಮು ಮಾತ್ರ ಹೊಲದಿಂದ ಬಂದದ್ದಲ್ಲ.

ಇದು ಹೇಗೆ ಅಂತ ಹುಡುಕುತ್ತಾ ಹೋದವನಿಗೆ ಸುಮಾರು ನೂರು ವರ್ಷದ ಕತೆ ಸಿಕ್ತು. ಅದನ್ನೇ ಇಲ್ಲಿ ಬರೀತಿದ್ದೀನಿ.

ಕಾರ್ಖಾನೆಯಲ್ಲೇ ಪೂರ್ತಿ ತಯಾರಾಗಿ ಬಂದ ಪಿಕಪ್ ಅಂದ್ರೆ ಫೋರ್ಡ್ ಕಂಪನಿ 1925ರ ಏಪ್ರಿಲ್‌ನಲ್ಲಿ ಬಿಟ್ಟ ಮಾಡೆಲ್ ಟಿ ಗಾಡಿ. ಬೆಲೆ 281 ಡಾಲರ್. ಅದಕ್ಕೂ ಮೊದಲು ಅಮೆರಿಕದ ರೈತರು ಕಾರು ತಗೊಂಡು, ಹಿಂಭಾಗ ಕತ್ತರಿಸಿ, ಮರದ ಪೆಟ್ಟಿಗೆ ಕೂರಿಸಿಕೊಳ್ತಿದ್ದರು. ನಮ್ಮವರು ಹಳೇ ಜೀಪಿಗೆ ಮಾಡಿದ ಹಾಗೆ. ಅದನ್ನು ನೋಡಿಯೇ ಕಂಪನಿಗಳು ಆ ಪೆಟ್ಟಿಗೆಯನ್ನ ತಾವೇ ಕೂರಿಸಿ ಮಾರೋಕೆ ಶುರು ಮಾಡಿದ್ದು.

ಆ ಕಾಲದ ಸೀಟಲ್ಲಿ ಸ್ಪ್ರಿಂಗು, ಕುದುರೆ ಕೂದಲು, ಹತ್ತಿ, ಮೇಲೆ ನಕಲಿ ಚರ್ಮ. ನಕಲಿ ಚರ್ಮದ ಕತೆಯೇ ನನಗೆ ತುಂಬಾ ಹಿಡಿಸಿದ್ದು. ಹತ್ತಿಯನ್ನು ನೈಟ್ರಿಕ್ ಆಸಿಡ್ಡಿನಲ್ಲಿ ಅದ್ದಿ ಬೇರೆಯೇ ಪದಾರ್ಥ ಮಾಡ್ತಾರೆ. ಹೆಚ್ಚು ಅದ್ದಿದರೆ ಬಂದೂಕಿನ ಮದ್ದು, ಹದವಾಗಿ ಅದ್ದಿದರೆ ದ್ರಾವಣದಲ್ಲಿ ಕರಗೋ ಒಂದು ಅಂಟು. ಆ ಅಂಟಿಗೆ ಬಣ್ಣ ಸೇರಿಸಿ ಬಟ್ಟೆಗೆ ಬಳಿದರೆ ಒಣಗಿ ಚಿಪ್ಪಿನ ಹಾಗೆ ಒಡೆಯುತ್ತೆ. ಒಡೆಯದೆ ಮೆತ್ತಗಿರೋಕೆ ಏನು ಹಾಕ್ತಿದ್ದರು ಗೊತ್ತಾ? ಹರಳೆಣ್ಣೆ. ಹೌದು, ನಮ್ಮ ರಾಗಿ, ಕಡಲೆಕಾಯಿ ಹೊಲದ ಅಂಚಿನಲ್ಲಿ ನಿಲ್ಲೋ ಹರಳು ಗಿಡದ್ದೇ, ಉತ್ತರ ಕರ್ನಾಟಕದವರು ಔಡಲ ಅಂತಾರಲ್ಲ ಅದು. ಫೋರ್ಡ್ ಕಂಪನಿ ತನ್ನ ಕಾರ್ಖಾನೆಯಲ್ಲೇ ಬಟ್ಟೆಗೆ ಇದನ್ನು ಬಳಿದು ಸೀಟಿಗೆ ಹೊದಿಸ್ತಿತ್ತು. ಅಂದ್ರೆ ಚರ್ಮ ಅಂತ ಕಂಡದ್ದು ಹತ್ತಿ ಬಟ್ಟೆ ಮೇಲೆ ಹತ್ತಿ ಅಂಟು, ಅದರೊಳಗೆ ಹರಳೆಣ್ಣೆ.

ಇಂಗ್ಲೆಂಡಿನಲ್ಲೂ ಇದೇ ಕಸುಬು. ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಅನ್ನೋ ಊರಿನಲ್ಲಿ ಒಂದು ಕಂಪನಿ ಇಂಥ ಬಟ್ಟೆ ಮಾಡ್ತಿತ್ತು. ಅದರ ಮಾಲಿನ ಹೆಸರು ರೆಕ್ಸಿನ್. ಹೆಸರು ಹಡಗು ಹತ್ತಿ ಬಂದು ನಮ್ಮಲ್ಲಿ ಉಳಿದುಬಿಡ್ತು. ಡಾಲ್ಡಾ, ಜೆರಾಕ್ಸ್ ಹಾಗೆ. ಈಗ ನಾವು ರೆಕ್ಸಿನ್ ಅಂತ ತಗೊಳ್ಳೋದರಲ್ಲಿ ಆ ಹತ್ತಿ ಅಂಟೂ ಇಲ್ಲ, ಹರಳೆಣ್ಣೆಯೂ ಇಲ್ಲ. ಹೆಸರು ಮಾತ್ರ ಹಳೇದು.

1930ರ ದಶಕದಲ್ಲಿ ಅಮೆರಿಕದ ರೈತರ ಬೆಳೆಗೆ ಬೆಲೆ ಇಲ್ಲದೆ ನೆಲಕಚ್ಚಿದ್ದಾಗ ಹೆನ್ರಿ ಫೋರ್ಡ್‌ಗೆ ಒಂದು ಹುಚ್ಚು ಹತ್ತಿತು. ರೈತ ನನ್ನ ಗಾಡಿ ಕೊಳ್ಳಬೇಕಾದರೆ ನಾನು ಅವನ ಬೆಳೆ ಕೊಳ್ಳಬೇಕು ಅನ್ನೋ ಲೆಕ್ಕ. ರಾಬರ್ಟ್ ಬಾಯರ್ ಅನ್ನೋ ಕೆಮಿಸ್ಟ್ ಕೈಲಿ ಸೋಯಾ ಅವರೆಯ ಪ್ರಯೋಗ ಮಾಡಿಸಿದ. ಎಣ್ಣೆ ತೆಗೆದು ಉಳಿದ ಹಿಂಡಿಯನ್ನು ರಾಳದ ಜೊತೆ ಬೆರೆಸಿ, ಅಚ್ಚಿಗೆ ಹಾಕಿ ಹಾರ್ನ್ ಬಟನ್, ಗೇರ್ ಹಿಡಿ ಇಂಥವನ್ನೆಲ್ಲ ಒತ್ತಿದರು. ಎಣ್ಣೆ ಪೇಂಟಿಗೆ ಹೋಯ್ತು. ಸೋಯಾ ಪ್ರೋಟೀನಿನಿಂದ ಉಣ್ಣೆಯಂಥ ನೂಲು ತೆಗೆದು ಸೀಟಿನ ಬಟ್ಟೆ ನೇಯೋಕೂ ನೋಡಿದರು. 1941ರಲ್ಲಿ ಪ್ಲಾಸ್ಟಿಕ್ ಹಲಗೆಗಳ ಮೈಯಿನ ಒಂದು ಕಾರನ್ನೇ ಜನರ ಮುಂದೆ ನಿಲ್ಲಿಸಿದರು. ಅದೇ ವರ್ಷದ ಕೊನೆಗೆ ಅಮೆರಿಕ ಯುದ್ಧಕ್ಕೆ ಇಳೀತು, ಆ ಕಾರು ಅಲ್ಲಿಗೇ ನಿಂತಿತು. ಫೋರ್ಡ್ ಬೇರೆ ವಿಷಯಗಳಲ್ಲಿ ಒಳ್ಳೆ ಮನುಷ್ಯ ಅಲ್ಲ, ಯಹೂದಿಗಳ ಬಗ್ಗೆ ಅವನು ಅಚ್ಚು ಹಾಕಿಸಿದ್ದು ಓದಿದರೆ ಹೇಸಿಗೆ ಆಗುತ್ತೆ. ಆದರೆ ಸೀಟು, ಡ್ಯಾಶ್‌ಬೋರ್ಡುಗಳ ಕಚ್ಚಾ ಮಾಲು ಹೊಲದಿಂದ ಬರಬಹುದು ಅಂತ ಅಷ್ಟು ದುಡ್ಡು ಸುರಿದ ಇನ್ನೊಬ್ಬ ಗಾಡಿ ಮಾಲೀಕ ನನಗೆ ಕಾಣಲಿಲ್ಲ.

ಹೊಲದ ಮಾಲನ್ನು ಕ್ಯಾಬಿನ್ನಿಂದ ಹೊರಗೆ ದಬ್ಬಿದ್ದು ಮುಖ್ಯವಾಗಿ ಎರಡು ಸಂಶೋಧನೆ. 1926ರಲ್ಲಿ ವಾಲ್ಡೊ ಸೀಮನ್ ಅನ್ನೋನು ಗುಡ್‌ರಿಚ್ ಕಂಪನಿಯಲ್ಲಿ ಪಿವಿಸಿಯನ್ನು ಮೆತ್ತಗೆ ಮಾಡೋ ದಾರಿ ಕಂಡ. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಪಾಲಿಯುರೆಥೇನ್ ಕಂಡುಹಿಡಿದ. ಈಗಿನ ಮೆತ್ತನೆ ಫೋಮು ಅದರ ಮೊಮ್ಮಗು, 1950ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಯುದ್ಧ ಮುಗಿದ ಮೇಲೆ ಎರಡೂ ಅಗ್ಗವಾದವು. ಫೋಮನ್ನು ಯಾವ ಆಕಾರಕ್ಕೆ ಬೇಕಾದರೂ ಅಚ್ಚು ಹಾಕಬಹುದು, ಕೂದಲು ನಾರು ಹೊಲಿಯೋ ಕೈಗಳು ಬೇಡ. ಕಂಪನಿಗಳು ಆ ಕಡೆ ಹೋದದ್ದರಲ್ಲಿ ಆಶ್ಚರ್ಯ ಏನಿಲ್ಲ.

ನಮ್ಮ ದೇಶದಲ್ಲಿ ಇದು ನಿಧಾನಕ್ಕೆ ಆಯ್ತು. ಮಹೀಂದ್ರದವರು 1947ರಲ್ಲಿ ಜೀಪ್ ಜೋಡಿಸೋಕೆ ಶುರು ಮಾಡಿದರು, ಟೆಲ್ಕೊ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡೋಕೆ ಶುರು ಮಾಡ್ತು. ಆದರೆ ಲಾರಿ ಅಂದ್ರೆ ಎಷ್ಟೋ ಸಲ ಬರೀ ಚಾಸಿ. ಡ್ರೈವರ್ ಅದನ್ನ ಹಾಗೇ ಓಡಿಸಿಕೊಂಡು ಬಂದು ನಾಮಕ್ಕಲ್ಲಿನಲ್ಲೋ ತಮ್ಮೂರ ಶೆಡ್ಡಿನಲ್ಲೋ ನಿಲ್ಲಿಸಿದರೆ ಕ್ಯಾಬಿನ್ ಕಟ್ಟೋದು ಬಡಗಿ. ಸೀಟು ಅಂದ್ರೆ ಹಲಗೆ, ಅದರ ಮೇಲೆ ನಾರು ತುಂಬಿದ ದಿಂಬು. 1986ರಲ್ಲಿ ಟಾಟಾ 407, 1988ರಲ್ಲಿ ಟಾಟಾಮೊಬೈಲ್ 206 ಪಿಕಪ್ ಬಂದ ಮೇಲೆ ಬಾಗಿಲು, ಗಾಜು, ಡ್ಯಾಶ್‌ಬೋರ್ಡ್ ಎಲ್ಲ ಕಾರ್ಖಾನೆಯಲ್ಲೇ ಮಾಡಿದ ಕ್ಯಾಬಿನ್ ನಮ್ಮ ರಸ್ತೆಗಳಿಗೆ ಹೆಚ್ಚು ಹೆಚ್ಚು ಬಂದವು. ಹಳ್ಳಿಯಲ್ಲಿ ಹೆಂಗಸರು ಮಕ್ಕಳನ್ನು ಮುಂದಿನ ಸೀಟಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ, ಮದುವೆಗೆ ಹೋಗೋಕೆ ಶುರುವಾದದ್ದು ಇಂಥ ಗಾಡಿಗಳಿಂದ. ಹಾಗಾಗಿ ಸೀಟಿನ ವಿಷಯ ಬರೀ ಡ್ರೈವರಿನ ಬೆನ್ನಿನ ವಿಷಯ ಅಲ್ಲ.

ಈ ಗಾಡಿಗಳ ಕಾಲಕ್ಕೆ ಫೋಮು ಬಂದಾಗಿತ್ತು, ನಾರು ಹೋಗಿರಲಿಲ್ಲ. ನಾರಿನ ಹಾಸು ಮಾಡೋ ರೀತಿ ಚೆನ್ನಾಗಿದೆ. ಒಣ ಮಟ್ಟೆಯ ಕಂದು ನಾರನ್ನು ಬಿಗಿಯಾಗಿ ಹಗ್ಗ ಹೊಸೆದು ಕೆಲವು ದಿನ ಹಾಗೇ ಇಡ್ತಾರೆ. ಆಮೇಲೆ ಹುರಿ ಬಿಚ್ಚಿದರೆ ಪ್ರತಿ ಎಳೆಯೂ ಗುಂಗುರು ಕೂದಲಿನ ಹಾಗೆ ಸುರುಳಿ ನಿಲ್ಲುತ್ತೆ, ಒಂದೊಂದು ಎಳೆಯೂ ಒಂದೊಂದು ಸಣ್ಣ ಸ್ಪ್ರಿಂಗು. ಅದನ್ನು ಹರಡಿ, ರಬ್ಬರ್ ಹಾಲು ಸಿಂಪಡಿಸಿ, ಒತ್ತಿ ಬೇಯಿಸಿದರೆ ಹಾಸು. ತಿಪಟೂರು, ಅರಸೀಕೆರೆ, ಗುಬ್ಬಿ ಕಡೆಯ ಮಟ್ಟೆಯ ನಾರು ಕಂದು ಜಾತಿಯದು, ಗಡಸು. ಕೇರಳದವರು ಹಿನ್ನೀರಿನಲ್ಲಿ ಕೊಳೆಹಾಕಿ ತೆಗೆಯೋ ಬಿಳಿ ನಾರು ಹಗ್ಗಕ್ಕೆ, ಚಾಪೆಗೆ ಒಳ್ಳೇದು. ಸೀಟಿಗೆ ನಮ್ಮದೇ ಸರಿ. ಮಣಿಪಾಲದವರ ಕರ್ಲ್-ಆನ್ ಹಾಸಿಗೆ ಮನೆಮಾತಾದದ್ದೂ ಇದೇ ರಬ್ಬರ್ ನಾರಿನಿಂದ.

ಇದು ಬಡ ದೇಶದ ಹಳೇ ಪದ್ಧತಿ ಅಂದುಕೊಂಡರೆ ತಪ್ಪು. ಮರ್ಸಿಡಿಸ್ ಬೆಂಜ್ ಕಾರುಗಳ ಸೀಟಲ್ಲಿ 1980ರ ದಶಕದಲ್ಲೂ ರಬ್ಬರ್ ಹಾಕಿದ ತೆಂಗಿನ ನಾರು ಇತ್ತು. 1990ರ ದಶಕದಲ್ಲಿ ಅದೇ ಕಂಪನಿ ಬ್ರೆಜಿಲ್ಲಿನ ಪಾರಾ ರಾಜ್ಯದ ವಿಶ್ವವಿದ್ಯಾಲಯದ ಜೊತೆ ಸೇರಿ, ಅಲ್ಲಿನ ಸಣ್ಣ ರೈತರ ತೆಂಗಿನ ನಾರಿನಿಂದ ಲಾರಿಗಳಿಗೆ ತಲೆದಿಂಬು ಮಾಡಿಸ್ತು. ಫೋರ್ಡ್ ಕಂಪನಿ 2008ರ ಮಸ್ಟಾಂಗ್ ಕಾರಿನ ಸೀಟಿನ ಫೋಮಿಗೆ ಮತ್ತೆ ಸೋಯಾ ಎಣ್ಣೆ ಬೆರೆಸ್ತು, ಪರಿಸರಸ್ನೇಹಿ ಅಂತ. ನಮ್ಮೂರಲ್ಲಿ ಮಾತ್ರ ಮಟ್ಟೆಯನ್ನ ಬಚ್ಚಲ ಒಲೆಗೆ ಹಾಕ್ತೀವಿ, ಇಲ್ಲ ಬಂದ ಬೆಲೆಗೆ ಲೋಡ್ ಎತ್ತಿಸ್ತೀವಿ.

ಈಗ ರಿಪೇರಿಗೆ ಬರ್ತೀನಿ. ಸೀಟು ಹೊಲಿಯೋರು ನೋಡಿದ ಕೂಡಲೇ ಹೇಳಿದ್ದು, "ನಾರು ಎಸೀರಿ ಅಣ್ಣ, ಫುಲ್ ಫೋಮ್ ಹಾಕ್ತೀನಿ." ಅವರ ಮಾತಲ್ಲೂ ಅರ್ಥ ಇದೆ. ನಾರಿನಲ್ಲಿ ಇಲಿ ಗೂಡು ಮಾಡುತ್ತೆ. ವರ್ಷಗಳಾದ ಮೇಲೆ ಎಳೆ ಮುರಿದು ಧೂಳು ಸುರಿಯುತ್ತೆ, ಅದು ಸೀಟಿನಡಿ ರಾಶಿ ಬೀಳುತ್ತೆ. ಕುಣಿ ಬಿದ್ದ ರಸ್ತೆಯ ಕುಲುಕಾಟ ತಡೆಯೋದರಲ್ಲಿ ಒಳ್ಳೆ ಫೋಮು ಹೆಚ್ಚು ಮೆತ್ತಗೆ. ಆದರೆ ಬರೀ ಫೋಮಿನ ಸೀಟು ಏಪ್ರಿಲ್ ಬಿಸಿಲಿಗೆ ಕಾವಲಿ, ಬೆವರು ಇಳಿಯೋಕೆ ದಾರಿ ಇಲ್ಲ. ಒದ್ದೆ ಆದರೆ ವಾರ ಆದರೂ ಆರಲ್ಲ. ಅಗ್ಗದ ಫೋಮು ಸ್ಪ್ರಿಂಗ್ ಮೇಲೆ ನೇರ ಕೂತರೆ ಸ್ಪ್ರಿಂಗೇ ಅದನ್ನು ಕೊರೆದು ತಿನ್ನುತ್ತೆ. ನನ್ನ ತೀರ್ಮಾನ: ಸ್ಪ್ರಿಂಗ್ ಮೇಲೆ ಹೊಸ ದಪ್ಪ ಗೋಣಿತಾಟು, ಅದರ ಮೇಲೆ ರಬ್ಬರ್ ನಾರಿನ ಹಾಸು, ಮೇಲೆ ಒಂದು ಇಂಚು ಗಟ್ಟಿ ಫೋಮು. ಹಳೇ ನಾರಿನಲ್ಲಿ ಅಂಚಿನ ಭಾಗ ಚೆನ್ನಾಗಿತ್ತು, ಬಡಿದು ಧೂಳು ತೆಗೆದು ಎರಡು ದಿನ ಬಿಸಿಲಿಗೆ ಹಾಕಿ ಬೆನ್ನಿನ ಕಡೆಗೆ ಬಳಸಿಕೊಂಡ್ವಿ. ಕೂರೋ ಕಡೆಗೆ ಮಾತ್ರ ಹೊಸದು.

ರೆಕ್ಸಿನ್ ವಿಷಯದಲ್ಲಿ ಒಂದು ಮಾತು. ಪಿವಿಸಿ ಮೆತ್ತಗಿರೋದು ಅದರೊಳಗೆ ಬೆರೆಸಿದ ಎಣ್ಣೆಯಂಥ ಪದಾರ್ಥದಿಂದ. ಬಿಸಿಲಿಗೆ ಅದು ನಿಧಾನಕ್ಕೆ ಹೊರಗೆ ಬರುತ್ತೆ. ಬಿಸಿಲಲ್ಲಿ ನಿಂತ ಗಾಡಿಯ ಮುಂದಿನ ಗಾಜಿಗೆ ಒಳಗಡೆಯಿಂದ ಜಿಡ್ಡು ಕೂರುತ್ತಲ್ಲ, ಅದರಲ್ಲಿ ಇದೂ ಸೇರಿರುತ್ತೆ. ಎಣ್ಣೆ ಹೋದಷ್ಟೂ ರೆಕ್ಸಿನ್ ಗಡಸಾಗಿ ಬಿರಿಯುತ್ತೆ. ಡೀಸೆಲ್ಲಿನ ಬಟ್ಟೆಯಲ್ಲಿ ಸೀಟು, ಡ್ಯಾಶ್‌ಬೋರ್ಡ್ ಒರೆಸಿ ಮಿಂಚಿಸೋ ಅಭ್ಯಾಸ ನಮ್ಮಲ್ಲಿ ಬಹಳ. ಒಂದು ದಿನ ಮಿಂಚುತ್ತೆ, ಆದರೆ ಡೀಸೆಲ್ ಉಳಿದ ಮೆತ್ತನೆಯನ್ನೂ ಎಳಕೊಂಡು ಹೋಗುತ್ತೆ. ಸೀಗೆಪುಡಿಯಷ್ಟು ಸೌಮ್ಯವಾದ ಸೋಪು ನೀರು, ಹಿಂಡಿದ ಬಟ್ಟೆ, ನೆರಳಲ್ಲಿ ನಿಲ್ಲಿಸೋದು, ಇಷ್ಟು ಸಾಕು.

ನಿಜವಾಗಿ ಭಯ ಆಗಬೇಕಾದ್ದು ಮ್ಯಾಟ್ ಎತ್ತಿದಾಗ. ಗಾಜಿನ ಸುತ್ತಿನ ರಬ್ಬರ್ ಬಿರಿದು ಮಳೆನೀರು ಒಳಗಿಳಿದು, ಮ್ಯಾಟಿನಡಿಯ ಫೆಲ್ಟು ಅದನ್ನು ಹೀರಿಕೊಂಡು ಕೂತಿತ್ತು. ಅದರ ಮೇಲೆ ನಮ್ಮ ಗೊಬ್ಬರ. ಮಳೆ ಬಂದರೆ ಚೀಲವನ್ನು ಹಿಂದೆ ಬಿಡದೆ ಕ್ಯಾಬಿನ್ ಒಳಗೆ ಕಾಲ ಹತ್ತಿರ ಇಟ್ಟುಕೊಳ್ಳೋದು ಎಲ್ಲ ರೈತರೂ ಮಾಡೋದೇ. ಕೆಂಪು ಪೊಟ್ಯಾಶ್ ಅಂದ್ರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ತಮ್ಮ. ನಾಲ್ಕು ಕಾಳು ಚೆಲ್ಲಿದರೆ ಸಾಕು, ತೇವ ಹಿಡಿದಿಟ್ಟುಕೊಂಡು ತಗಡನ್ನು ತಿನ್ನುತ್ತೆ. ಅಮೋನಿಯಂ ಸಲ್ಫೇಟೂ ಹಾಗೇ. ನಮ್ಮ ಗಾಡಿಯಲ್ಲಿ ಎಡಗಡೆ, ಅಂದ್ರೆ ಜೊತೆಯವರು ಕಾಲಿಡೋ ಕಡೆ, ಸ್ಕ್ರೂಡ್ರೈವರ್ ಒತ್ತಿದರೆ ರಸ್ತೆ ಕಾಣ್ತಿತ್ತು. ಅಲ್ಲೇ ಕಾಲಿಟ್ಟುಕೊಂಡು ಅಮ್ಮ ವಾರಕ್ಕೊಂದು ಸಲ ಸಂತೆಗೆ ಬರ್ತಾರೆ. ಚಂದದ ಸೀಟು ಹೊಲಿಸಿ, ಮ್ಯಾಟ್ ಎತ್ತದೆ ಗಾಡಿ ಹೊರಗೆ ಬಿಡೋ ರಿಪೇರಿಗಳನ್ನ ನಾನು ಬೇಕಾದಷ್ಟು ನೋಡಿದ್ದೀನಿ. ನನ್ನ ಕೇಳಿದರೆ ಒಳಗಿನ ಕೆಲಸ ಶುರುವಾಗಬೇಕಾದ್ದು ನೆಲದಿಂದ.

ತೂತು ಬಿದ್ದ ಭಾಗ ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದ್ವಿ. ವೆಲ್ಡಿಂಗ್ ಮುಂಚೆ ಸೀಟು, ನಾರು, ಗೋಣಿ ಎಲ್ಲ ಹೊರಗಿರಬೇಕು, ಬ್ಯಾಟರಿ ವೈರ್ ಕಳಚಿರಬೇಕು, ಪಕ್ಕದಲ್ಲಿ ಎರಡು ಬಕೆಟ್ ನೀರಿರಬೇಕು. ಉಳಿದ ಕಡೆ ವೈರ್ ಬ್ರಶ್ಶಿನಲ್ಲಿ ಉಜ್ಜಿ, ತುಕ್ಕನ್ನು ಕಪ್ಪು ಮಾಡೋ ದ್ರಾವಣ ಬಳಿದು, ಪ್ರೈಮರ್, ಪೇಂಟು. ಆ ದ್ರಾವಣಗಳಲ್ಲಿ ಎಷ್ಟೋ ಟ್ಯಾನಿನ್ ಇರೋವು. ಕಬ್ಬಿಣದ ಜೊತೆ ಅದು ಸೇರಿದರೆ ಕಪ್ಪಾಗಿ ಗಟ್ಟಿಯಾಗುತ್ತೆ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣದ ತುಕ್ಕು ಹಾಕಿ ಶಾಯಿ ಮಾಡ್ತಿದ್ದರಲ್ಲ, ಅದೇ ವಿದ್ಯೆ. ಹಾಗೆ ಲೆಕ್ಕ ಹಾಕಿದರೆ ಗಿಡಮರದ ಮಾಲು ಕ್ಯಾಬಿನ್ ನೆಲದಲ್ಲೂ ಇದೆ ಅನ್ನಿ. ನೆಲದ ನೀರು ಇಳಿಯೋ ತೂತುಗಳ ರಬ್ಬರ್ ಬಿರಡೆ ಹೊಸದು ಹಾಕಿದ್ವಿ, ಗಾಜಿನ ರಬ್ಬರೂ ಹೊಸದು. ಫೆಲ್ಟು ಮತ್ತೆ ಹಾಕಲಿಲ್ಲ. ಶಬ್ದ ಸ್ವಲ್ಪ ಜಾಸ್ತಿ, ಆದರೆ ಮ್ಯಾಟ್ ಎತ್ತಿ ನೆಲ ಒರೆಸಬಹುದು.

ರೂಫಿನ ಬಟ್ಟೆ ಇನ್ನೂ ಬಾಕಿ ಇದೆ. ಅದರ ಬೆನ್ನಿನ ಫೋಮು ಬಿಸಿಗೆ, ತೇವಕ್ಕೆ ಪುಡಿಯಾಗಿ ಅಂಟು ಬಿಟ್ಟಿರೋದು. ಹಳೇ ಪುಡಿ ಪೂರ್ತಿ ಕೆರೆಯದೆ ಹೊಸ ಬಟ್ಟೆ ಅಂಟಿಸಿದರೆ ಒಂದು ಬೇಸಿಗೆಯೂ ನಿಲ್ಲಲ್ಲ. ಕೆರೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಹಳದಿ ಪುಡಿ ಎರಡು ದಿನ ಕೆಮ್ಮಿಸುತ್ತೆ. ಹತ್ತಿಯ ದಪ್ಪ ಬಟ್ಟೆ ನೋಡಿಟ್ಟಿದ್ದೀನಿ. ಕೊಬ್ಬರಿ ಲೋಡ್ ಮುಗಿದ ಮೇಲೆ ಕೂರಿಸ್ತೀನಿ.